ಕಚೇರಿಗೊಂದು ನಕ್ಷೆ, ಗೌಂಡಿಗೊಂದು ನಕ್ಷೆ

ಬಳ್ಳಾರಿಯಲ್ಲಿ ಮನೆ ಕಟ್ಟಲು ಹೊರಟ ಎಷ್ಟೋ ಕುಟುಂಬಗಳು ಎರಡು ನಕ್ಷೆ ಬರೆಸುತ್ತವೆ. ಒಂದು ಮಹಾನಗರ ಪಾಲಿಕೆಗೆ. ಅದರಲ್ಲಿ ಸುತ್ತಲೂ ಗಾಳಿ ಬೆಳಕಿಗೆ ಜಾಗ ಬಿಟ್ಟಿರುತ್ತದೆ, ಮೆಟ್ಟಿಲು ನಿವೇಶನದ ಒಳಗೇ ಇಳಿದಿರುತ್ತದೆ, ನೆಲಮಹಡಿಯ ಮೇಲೆ ಒಂದೇ ಮಹಡಿ ಇರುತ್ತದೆ. ಇನ್ನೊಂದು ಗೌಂಡಿಯ ಕೈಗೆ. ಅದರಲ್ಲಿ ಗೋಡೆ ಗಡಿಗೆರೆಯ ಮೇಲೇ ಏಳುತ್ತದೆ, ಬಾಲ್ಕನಿ ಬೀದಿಯ ಮೇಲೆ ಚಾಚುತ್ತದೆ, ಮುಂದೆಂದಾದರೂ ಬಾಡಿಗೆ ಮನೆ ಏರಿಸಲೆಂದು ತಾರಸಿಯ ಕಂಬಗಳಿಗೆ ಕಂಬಿ ಬಿಟ್ಟಿರುತ್ತದೆ. ಬ್ಯಾಂಕಿನವರು ನೋಡುವುದು ಮೊದಲನೆಯದನ್ನು, ಮಕ್ಕಳು ಮೊಮ್ಮಕ್ಕಳು ಬಾಳುವುದು ಎರಡನೆಯದರಲ್ಲಿ. ಅಳುಕಿದವರಿಗೆ ಧೈರ್ಯ ಹೇಳಲು ಒಂದು ಮಾತಂತೂ ಸದಾ ಸಿದ್ಧ: ‘ಎಲ್ಲಾರೂ ಹಂಗ ಕಟ್ಟ್ಯಾರ, ಏನಾಗಂಗಿಲ್ಲ ಬಿಡ್ರಿ.’

ಆ ಮಾತನ್ನು ನಂಬಿ ಹಣ ಹೂಡುವ ಕಾಲ ಮುಗಿದಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಸತಿಗೆಂದು ಹಂಚಿದ್ದ ನಿವೇಶನದಲ್ಲಿ ಅನುಮತಿಯಿಲ್ಲದೆ ಅಂಗಡಿಗಳು ಎದ್ದಿದ್ದವು. ಕೋರ್ಟು ಅವನ್ನು ಕೆಡವಲು ಹೇಳಿ ಸುಮ್ಮನಾಗಲಿಲ್ಲ, ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನೂ ಕೊಟ್ಟಿತು. ಕಟ್ಟಡ ಮುಗಿದ ಪ್ರಮಾಣಪತ್ರ ನೋಡಿದ ಮೇಲೆಯೇ ನೀರು, ಕರೆಂಟು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕುಗಳು ಕಟ್ಟಡವನ್ನು ಅಡಮಾನ ಇಟ್ಟುಕೊಂಡು ಸಾಲ ಕೊಡುವ ಮುನ್ನ ಆ ಪತ್ರ ಪರಿಶೀಲಿಸಬೇಕು. ಮಂಜೂರಾದ ನಕ್ಷೆ ಕೆಲಸ ನಡೆಯುವಷ್ಟು ದಿನವೂ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತಿರಬೇಕು. ಅಧಿಕಾರಿಗಳು ಆಗಾಗ ಬಂದು ನೋಡಿ, ನೋಡಿದ್ದನ್ನು ದಾಖಲಿಸಬೇಕು. ಇದರ ಬಿಸಿ 2025ರಲ್ಲಿ ಕರ್ನಾಟಕಕ್ಕೂ ತಟ್ಟಿತು. ಹೊಸ ಮನೆ ಕಟ್ಟಿ ಮುಗಿಸಿದ ಸಾವಿರಾರು ಜನ, ಸ್ವಾಧೀನಾನುಭವ ಪತ್ರ ಅಂದರೆ ಜನ ಕರೆಯುವ ‘ಒಸಿ’ ಇಲ್ಲದೆ, ಕಾಯಂ ಮೀಟರಿಗಾಗಿ ವಿದ್ಯುತ್ ಕಂಪನಿಗಳ ಬಾಗಿಲಲ್ಲಿ ನಿಂತರು. ಬೆಂಗಳೂರಿನಲ್ಲಿ 1,200 ಚದರ ಅಡಿವರೆಗಿನ ನಿವೇಶನಗಳ ಚಿಕ್ಕ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಡಬೇಕಾಯಿತು. ವಿನಾಯಿತಿ ಇವತ್ತು ಇರುತ್ತದೆ, ನಾಳೆ ಹೋಗುತ್ತದೆ. ಅದನ್ನು ನೆಚ್ಚಿಕೊಂಡು ಬುನಾದಿ ತೋಡಬಾರದು.

ಹಾಗಾಗಿ ಕಟ್ಟುವ ಮನೆಯನ್ನೇ ನಕ್ಷೆಯಲ್ಲಿ ಬರೆಸಬೇಕು, ನಕ್ಷೆಯಲ್ಲಿ ಬರೆಸಿದ್ದನ್ನೇ ಕಟ್ಟಬೇಕು. ಹೇಳುವುದು ಸುಲಭ. ಬಳ್ಳಾರಿಯ ಎಸ್.ಎನ್. ಪೇಟೆ, ಅಂದರೆ ಸತ್ಯನಾರಾಯಣಪೇಟೆಯಂಥ ಕಡೆ ಇದು ಏಕೆ ಕಷ್ಟ ಎಂಬುದನ್ನು ಬಿಡಿಸಿ ನೋಡದೆ ಉಪದೇಶ ಮಾಡಿದರೆ ಯಾರಿಗೂ ಪ್ರಯೋಜನವಿಲ್ಲ.

ಮೊದಲ ತೊಡಕು ಅಳತೆಯದು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದಲ್ಲಿತ್ತು. ಊರಿನ ಹಳೆಯ ಭಾಗದ ಆಸ್ತಿಗಳಿಗೆ ಇವತ್ತಿಗೂ ಅಂಟಿಕೊಂಡಿರುವ ‘ಟಿ.ಎಸ್. ನಂಬರ್’ ಆ ಆಡಳಿತ ಬಿಟ್ಟುಹೋದ ಪಟ್ಟಣ ಸರ್ವೆಯ ಗುರುತು. ಹುಬ್ಬಳ್ಳಿಯವರು ಮುಂಬೈ ಆಡಳಿತದ ಪಳೆಯುಳಿಕೆಯಾದ ‘ಸಿ.ಟಿ.ಎಸ್.’ ಹೇಳುವ ಹಾಗೆ ಇಲ್ಲಿಯವರು ಟಿ.ಎಸ್. ಸಂಖ್ಯೆ, ಬ್ಲಾಕು, ವಾರ್ಡು ಎಂದು ಹೇಳುತ್ತಾರೆ. ಅಜ್ಜನ ಕಾಲದ ಕ್ರಯಪತ್ರ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರಬಹುದು, ಅದರ ಅಳತೆ ಗಜದಲ್ಲೋ ಮೊಳದಲ್ಲೋ ಇರಬಹುದು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಸಂದಿ ಎಂದು ಬರೆದಿರುತ್ತದೆ. ಆ ಇಂಥವರು ತೀರಿಕೊಂಡು ಎರಡು ತಲೆಮಾರು ಕಳೆದಿರುತ್ತದೆ, ಸಂದಿಯ ಮೇಲೆ ಯಾರದೋ ಸ್ನಾನದ ಕೋಣೆ ನಿಂತಿರುತ್ತದೆ.

ಪಾಲಿಕೆಗೆ ಅರ್ಜಿ ಹಾಕುವ ಮುಂಚೆ ಕ್ರಯಪತ್ರ, ಸರ್ವೆ ದಾಖಲೆ, ಖಾತಾ ಮತ್ತು ನೆಲ ಈ ನಾಲ್ಕು ಕಡೆಯ ಅಳತೆ ಒಂದಕ್ಕೊಂದು ಹೊಂದಬೇಕು. ಪತ್ರದಲ್ಲಿ 30×40 ಎಂದಿದ್ದು ಟೇಪು ಹಿಡಿದಾಗ 28½×39 ಬಂದರೆ ನಕ್ಷೆಗೆ ಯಾವುದು ಆಧಾರ? ನೆಲದಲ್ಲಿರುವುದು. ಪತ್ರದ ಅಳತೆಯನ್ನೇ ನಂಬಿ ಎಂಜಿನಿಯರ್ ನಕ್ಷೆ ಬರೆದರೆ ಆ ಒಂದೂವರೆ ಅಡಿಯನ್ನು ಗೌಂಡಿ ಎಲ್ಲಿಂದಲಾದರೂ ತರಬೇಕಾಗುತ್ತದೆ. ಅವನು ತರುವುದು ಬಿಡಬೇಕಾದ ಜಾಗದಿಂದ, ಇಲ್ಲವೇ ಪಕ್ಕದ ಮನೆಯವರಿಂದ. ಎರಡು ನಕ್ಷೆಯ ಕಥೆ ಎಷ್ಟೋ ಸಲ ಇಲ್ಲಿಂದಲೇ ಶುರುವಾಗುತ್ತದೆ. ಮನೆಯವರಲ್ಲಿ ಮೋಸದ ಮನಸ್ಸೇ ಇರುವುದಿಲ್ಲ, ಅಳೆಯುವ ಖರ್ಚನ್ನು ಉಳಿಸಿರುತ್ತಾರೆ ಅಷ್ಟೆ. ಮನೆಗೆ ಲಕ್ಷಗಟ್ಟಲೆ ಸುರಿಯುವವರು ಸರ್ವೆಯರ್‌ಗೆ ಅರ್ಜಿ ಕೊಟ್ಟು, ಅಕ್ಕಪಕ್ಕದವರನ್ನು ನಿಲ್ಲಿಸಿಕೊಂಡು, ಗಡಿ ಗುರುತಿಸಿ, ಎಲ್ಲರ ರುಜು ಹಾಕಿಸಿಕೊಳ್ಳುವ ಒಂದು ದಿನದ ಕೆಲಸಕ್ಕೆ ಹಿಂಜರಿಯಬಾರದು.

ಎರಡನೆಯ ತೊಡಕು ಮನೆಮಂದಿಯದು. ಖಾತಾ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ವಂಶವೃಕ್ಷ, ಮರಣ ಪ್ರಮಾಣಪತ್ರ ಇಟ್ಟು ವಾರಸುದಾರರ ಹೆಸರಿಗೆ ತರಬೇಕು. ಇಲ್ಲಿ ‘ಅಕ್ಕತಂಗೇರು ಮದುವೆಯಾಗಿ ಹೋಗ್ಯಾರಲ್ಲ’ ಎನ್ನುವ ಅಣ್ಣತಮ್ಮಂದಿರಿಗೆ ಒಂದು ವಿಷಯ ನೆನಪಿಸಬೇಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು. ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ ಎಂದಿದ್ದ ಷರತ್ತು 2005ರ ಕೇಂದ್ರ ತಿದ್ದುಪಡಿಯೊಂದಿಗೆ ಹೋಯಿತು. ಅಕ್ಕತಂಗಿಯರ ರುಜುವಿಲ್ಲದೆ ಪಡೆದ ಪರವಾನಗಿ ಮುಂದೊಂದು ದಿನ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿದರೆ ಅರ್ಧ ಎದ್ದ ಗೋಡೆ ಹಾಗೇ ನಿಲ್ಲುತ್ತದೆ.

ಪಾಲಾದ ಮೇಲಿನ ಕಷ್ಟ ಇನ್ನೂ ದೊಡ್ಡದು. 30 ಅಡಿ ಅಗಲದ ನಿವೇಶನವನ್ನು ಇಬ್ಬರು ಅಣ್ಣತಮ್ಮಂದಿರು ಉದ್ದಕ್ಕೆ ಸೀಳಿದರೆ ಒಬ್ಬೊಬ್ಬರಿಗೆ ಬರುವುದು 15 ಅಡಿ. ಮನೆಯೊಳಗೆ ಪಾಲುಪಟ್ಟಿ ಮಾಡಿಕೊಂಡರೆ ಸಾಲದು. ನಿವೇಶನ ಒಡೆಯುವುದಕ್ಕೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಡಿ ಅನುಮೋದನೆ ಬೇಕು. 15 ಅಡಿ ಅಗಲದಲ್ಲಿ ಪಕ್ಕಕ್ಕೆ ಜಾಗ ಬಿಟ್ಟು, ನಡುಗೋಡೆ ಕಟ್ಟಿ, ಮೆಟ್ಟಿಲು ಇಟ್ಟರೆ ಉಳಿಯುವುದು ಒಂದು ಓಣಿಯಂಥ ಮನೆ. ಅಂಥವರಿಗೆ ನನ್ನ ಸಲಹೆ, ಉದ್ದಕ್ಕೆ ಸೀಳದೆ ಮೇಲೊಬ್ಬರು ಕೆಳಗೊಬ್ಬರು ಎಂದು ಪಾಲು ಮಾಡಿಕೊಂಡು ಒಂದೇ ನಕ್ಷೆ ಬರೆಸಿಕೊಳ್ಳಿ. ಮನಸ್ತಾಪ ಇರುವ ಮನೆಗಳಲ್ಲಿ ಇದು ಕಷ್ಟವೆಂದು ಗೊತ್ತು. ಆದರೂ ಗಾಳಿಯಿಲ್ಲದ ಎರಡು ಮನೆಗಳಿಗಿಂತ ಗಾಳಿಯಾಡುವ ಒಂದು ಮನೆ ಮೇಲು.

ಇನ್ನು ಸೆಟ್‌ಬ್ಯಾಕ್. ಎಲ್ಲರೂ ಸಂಕಟಪಡುವುದು ಇಲ್ಲೇ, ಲೆಕ್ಕ ನೋಡಿದರೆ ಸಂಕಟಕ್ಕೆ ಕಾರಣವೂ ತಿಳಿಯುತ್ತದೆ. ಎಷ್ಟು ಬಿಡಬೇಕೆಂಬುದು ನಿವೇಶನದ ಉದ್ದಗಲದ ಮೇಲೆ, ಕಟ್ಟಡದ ಎತ್ತರದ ಮೇಲೆ ನಿಂತಿದೆ. ಉದಾಹರಣೆಗೆ 30×40 ಅಡಿ ನಿವೇಶನದಲ್ಲಿ ನಾಲ್ಕೂ ಕಡೆ ಒಂದೊಂದು ಮೀಟರ್ ಬಿಟ್ಟರೆ ಕಟ್ಟಲು ಸಿಗುವುದು 1,200ರಲ್ಲಿ ಸುಮಾರು 784 ಚದರ ಅಡಿ. ಮೂರರಲ್ಲಿ ಒಂದು ಪಾಲು ನೆಲ ಖಾಲಿ. ಚದರ ಅಡಿಗೆ ಸಾವಿರಾರು ರೂಪಾಯಿ ಕೊಟ್ಟು ಕೊಂಡವರಿಗೆ ಇದು ಹೊಟ್ಟೆಯುರಿಯ ವಿಷಯವೇ. ಇದರ ಜೊತೆಗೆ ನೆಲ-ವಿಸ್ತೀರ್ಣ ಅನುಪಾತ, ಅಂದರೆ ಎಫ್‌ಎಆರ್. ಅದು 1.75 ಎಂದಿದ್ದರೆ 1,200 ಚದರ ಅಡಿ ನಿವೇಶನದಲ್ಲಿ ಎಲ್ಲ ಮಹಡಿ ಸೇರಿ 2,100 ಚದರ ಅಡಿ ಕಟ್ಟಬಹುದು. ಈ ಅನುಪಾತವನ್ನು ನಿರ್ಧರಿಸುವುದು ಬಹುಮಟ್ಟಿಗೆ ಮುಂದಿನ ರಸ್ತೆಯ ಅಗಲ. ಹಳೆಯ ಪೇಟೆಯ ಅಡ್ಡರಸ್ತೆಗಳಲ್ಲಿ ಆ ಅಗಲವೇ ಕಡಿಮೆ, ಆದ್ದರಿಂದ ಅವಕಾಶವೂ ಕಡಿಮೆ.

ಈ ನಿಯಮ ಯಾರೋ ಕಚೇರಿಯಲ್ಲಿ ಕುಳಿತು ಜನರನ್ನು ಗೋಳಾಡಿಸಲು ಹೊಸೆದದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಹುಳುಗಳಂತೆ ಸತ್ತದ್ದು ಗಾಳಿ ಬೆಳಕಿಲ್ಲದ ಪೇಟೆಯ ಇಕ್ಕಟ್ಟಿನಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಸುತ್ತಲೂ ಬಯಲು ಇಟ್ಟುಕೊಂಡು ಬೆಳೆದದ್ದು ಆ ಸಾವಿನ ಪಾಠದಿಂದ. 1903ರಲ್ಲಿ ಮೈಸೂರಿಗೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂದದ್ದೂ ಅದೇ ಕಾಲದ ಎಚ್ಚರದಿಂದ. ಬಳ್ಳಾರಿಗೆ ಇದಕ್ಕಿಂತ ಹತ್ತಿರದ ಕಾರಣವೂ ಇದೆ. ಬಿಸಿಲು 40 ಡಿಗ್ರಿ ದಾಟುವ ಊರಿದು, ಸುತ್ತ ಬಂಡೆಗುಡ್ಡ. ಹಗಲಿಡೀ ಕಾದ ಬಂಡೆ ರಾತ್ರಿಯೆಲ್ಲ ಶಾಖ ಬಿಡುತ್ತದೆ. ಎರಡು ಮನೆಗಳ ನಡುವೆ ಮೂರು ಅಡಿ ಸಂದಿಯಿದ್ದರೆ ಒಂದರ ಗೋಡೆಗೆ ಇನ್ನೊಂದರ ನೆರಳು, ಕಿಟಕಿ ತೆರೆದರೆ ಗಾಳಿ. ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ ಇದ್ದು ಪಕ್ಕದ ಗೋಡೆ ಅಂಟಿಕೊಂಡಿದ್ದರೂ ಒಳಗೆ ತಂಪಿರುತ್ತಿತ್ತು. ಅದೇ ಜಾಗದಲ್ಲಿ ಆರಿಂಚಿನ ಸಿಮೆಂಟ್ ಇಟ್ಟಿಗೆಯ ಗೋಡೆ, ಆರ್‌ಸಿಸಿ ತಾರಸಿ ಹಾಕಿ, ಕಿಟಕಿಗೂ ಜಾಗ ಬಿಡದೆ ಕಟ್ಟಿದರೆ ಮಹಡಿಗೊಂದು ಎಸಿ ಬೇಕಾಗುತ್ತದೆ. ಬಿಡದೆ ಉಳಿಸಿದ ನೆಲದ ಬೆಲೆಯನ್ನು ತಿಂಗಳು ತಿಂಗಳೂ ಇಲ್ಲಿನ ವಿದ್ಯುತ್ ಕಂಪನಿ ಜೆಸ್ಕಾಂಗೆ ಕಟ್ಟಿದಂತಾಯಿತು.

ಸಂದಿಯಲ್ಲಿ ಇನ್ನೂ ಎಷ್ಟೋ ಇದೆ. ಒಳಚರಂಡಿಯ ಛೇಂಬರು ಅಲ್ಲೇ ಬರಬೇಕು. ಅಲ್ಲೀಪುರದ, ಮೋಕಾದ ಕೆರೆಗಳಿಂದ ಬರುವ ನೀರು ದಿನವೂ ಬರದ ಊರಿನಲ್ಲಿ ದೊಡ್ಡ ಸಂಪು ತೋಡದೆ ಗತಿಯಿಲ್ಲ, ಅದು ಪಕ್ಕದವರ ಬುನಾದಿಗೆ ತಾಗದಂತೆ ಇರಬೇಕು. ಛೇಂಬರಿಗೂ ಸಂಪಿಗೂ ನಡುವೆ ದೂರ ಇರಬೇಕು. ಇವನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿಸದವರು ಕೊನೆಗೆ ಬೀದಿ ಅಗೆಯುತ್ತಾರೆ.

ಎತ್ತರ ಏರಿಸುವವರು ತಲೆಯೆತ್ತಿ ತಂತಿಯನ್ನೂ ನೋಡಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ ಪಕ್ಕದಲ್ಲಿ ಹಾಯುವ ತಂತಿ, ಮನೆಗೆ ಬರುವ ಸಾಮಾನ್ಯ ಲೈನಾಗಲಿ 11 ಕೆವಿ ಲೈನಾಗಲಿ, ಕಟ್ಟಡದಿಂದ ಕನಿಷ್ಠ 1.2 ಮೀಟರ್ ದೂರ ಇರಬೇಕು. ತಂತಿ ಮೇಲೆಯೇ ಹಾದಿದ್ದರೆ ಸಾಮಾನ್ಯ ಲೈನಿಗೆ 2.5 ಮೀಟರ್, 11 ಕೆವಿಗೆ 3.7 ಮೀಟರ್ ಅಂತರ ಬೇಕು. ಬೀದಿಗೆ ಚಾಚಿದ ಬಾಲ್ಕನಿ ಮೊದಲು ನುಂಗುವುದು ಈ ಅಂತರವನ್ನೇ. ಬಟ್ಟೆ ಒಣಹಾಕಲು ಬಂದ ಹೆಣ್ಣುಮಗಳು, ಗಾಳಿಪಟ ಬಿಡಿಸಲು ಕಬ್ಬಿಣದ ಸಲಾಕೆ ಹಿಡಿದ ಹುಡುಗ ಶಾಕ್ ಹೊಡೆದು ಸತ್ತ ಸುದ್ದಿ ನಾವು ಓದುತ್ತಲೇ ಇದ್ದೇವೆ. ಹಾಗೆಯೇ ಸತ್ಯನಾರಾಯಣಪೇಟೆಯ ಪಕ್ಕದಲ್ಲೇ ರೈಲು ಹಳಿಯಿದೆ. ರೈಲ್ವೆ ಗಡಿಯಿಂದ 30 ಮೀಟರ್ ಒಳಗೆ ಕಟ್ಟುವವರಿಗೆ ರೈಲ್ವೆಯ ನಿರಾಕ್ಷೇಪಣಾ ಪತ್ರ ಬೇಕು. ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಿಂದ ಬರಬೇಕಾದ ಆ ಕಾಗದಕ್ಕೆ ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲ ಅರ್ಜಿ ಅದೇ ಆಗಲಿ.

ಹೈದರಾಲಿ ಬಳ್ಳಾರಿ ಕೋಟೆಯನ್ನು ಬಲಪಡಿಸಿದಾಗ ಕೆಲಸ ನೋಡಿದ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಊರಿನ ಐತಿಹ್ಯ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದೆ, ಅಲ್ಲಿಂದ ಫಿರಂಗಿ ಹಾರಿಸಬಹುದು ಎಂಬುದನ್ನು ಅವನು ನೋಡಿರಲಿಲ್ಲವಂತೆ. ಸ್ಥಳಕ್ಕೆ ಬಾರದೆ ಕಂಪ್ಯೂಟರಿನಲ್ಲೇ ನಕ್ಷೆ ಎಳೆದು ಕಳಿಸುವ ಎಂಜಿನಿಯರನ್ನು ಒಪ್ಪಿಕೊಳ್ಳುವ ಮುನ್ನ ಬಳ್ಳಾರಿಯವರು ಈ ಕಥೆ ನೆನೆಯಬೇಕು.

ಅರ್ಜಿಯ ದಾರಿ ಮಾತ್ರ ಮೊದಲಿಗಿಂತ ಹಗುರವಾಗಿದೆ. ಪಾಲಿಕೆಯಲ್ಲಿ ನೋಂದಾಯಿಸಿಕೊಂಡ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಮೂಲಕ ಆನ್‌ಲೈನಿನಲ್ಲಿ ಹೋಗಬೇಕು. ಪೌರಾಡಳಿತ ನಿರ್ದೇಶನಾಲಯದ ‘ನಿರ್ಮಾಣ-2’ ತಂತ್ರಾಂಶ ಬಂದ ಮೇಲೆ ಚಿಕ್ಕ ಮನೆಗಳ ಕಾಗದ ಟೇಬಲಿನಿಂದ ಟೇಬಲಿಗೆ ಅಲೆಯುವುದು ತಪ್ಪಿತು. ಇ-ಖಾತಾ, ಕ್ರಯಪತ್ರ, ಋಣಭಾರ ಪತ್ರ, ಚಾಲ್ತಿ ವರ್ಷದ ಆಸ್ತಿ ತೆರಿಗೆ ರಸೀದಿ, ನಿವೇಶನದ ಫೋಟೊ, ನಕ್ಷೆ ಇಷ್ಟು ಇದ್ದರೆ ಅರ್ಜಿ ಹಾಕಬಹುದು. ಹೊರವಲಯದ ಹೊಸ ಬಡಾವಣೆಯಾದರೆ ಭೂಪರಿವರ್ತನೆ ಆದೇಶ, ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಕೂಡ ಬೇಕು. ಶುಲ್ಕಗಳ ಜೊತೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಬೇಕು. 30 ಲಕ್ಷ ವೆಚ್ಚಕ್ಕೆ 30,000 ರೂಪಾಯಿ. ಸ್ವಂತ ವಾಸಕ್ಕೆ ನಿಗದಿತ ವೆಚ್ಚದ ಮಿತಿಯೊಳಗೆ ಕಟ್ಟಿಕೊಳ್ಳುವವರಿಗೆ ಇದು ಇಲ್ಲ. ಈ ದುಡ್ಡಿನ ಬಗ್ಗೆ ಗೊಣಗುವವರು ತಮ್ಮದೇ ಮನೆಗೆ ಕಲ್ಲು ಹೊತ್ತವರ ಮಕ್ಕಳ ಓದಿಗೆ, ಅಪಘಾತವಾದರೆ ಪರಿಹಾರಕ್ಕೆ ಅದು ಹೋಗಬೇಕಾದ್ದು ಎಂಬುದನ್ನು ಮರೆಯಬಾರದು. ಏನೇ ಕಟ್ಟಿದರೂ ರಸೀದಿ ಇರಲಿ. ರಸೀದಿ ಇಲ್ಲದ ಯಾವ ಶುಲ್ಕವೂ ಕಾನೂನಿನಲ್ಲಿಲ್ಲ.

1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಆಯುಕ್ತರಿಗೂ ಗಡುವು ಹಾಕಿದೆ. ಒಪ್ಪಿಗೆಯಾಗಲಿ ನಿರಾಕರಣೆಯಾಗಲಿ ಲಿಖಿತವಾಗಿ, ಅವಧಿಯೊಳಗೆ ತಿಳಿಸಬೇಕು. ನಿರಾಕರಿಸಿದರೆ ಕಾರಣ ಹೇಳಬೇಕು. 2012ರಿಂದ ಜಾರಿಯಲ್ಲಿರುವ ‘ಸಕಾಲ’ದಡಿ ಅರ್ಜಿಗೆ 15 ಅಂಕಿಗಳ ಸಂಖ್ಯೆ ಸಿಗುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದು, ಆದರೆ ಅದು ತಡ ಮಾಡಿದ ಅಧಿಕಾರಿಯ ಹೆಸರಿನ ಮುಂದೆ ಬೀಳುತ್ತದೆ. ಕೇಳುವವರು ಹೆಚ್ಚಿದರೆ ಕಾಯುವವರು ಕಡಿಮೆಯಾಗುತ್ತಾರೆ.

ಪಾಲಿಕೆಯ ಗಡಿ ದಾಟಿದರೆ ಕಾಯ್ದೆಯೇ ಬೇರೆ. ಸಿರುಗುಪ್ಪ ನಗರಸಭೆ, ಕುರುಗೋಡು ಪುರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆಯ 187ನೇ ಕಲಮು. ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು. ಅಲ್ಲಿ ಕಾಯ್ದೆಗಿಂತ ಹೆಚ್ಚು ಎಚ್ಚರ ಬೇಕಾದ್ದು ನೆಲದ ಬಗ್ಗೆ. ಸಿರುಗುಪ್ಪದ ಕಡೆ ಭತ್ತ ಬೆಳೆಯುವ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಬಳ್ಳಾರಿಯ ಬಂಡೆಯ ಮೇಲೆ ನಿಂತ ಮನೆಯ ಬುನಾದಿಯನ್ನೇ ಅಲ್ಲೂ ಹಾಕಿದರೆ ಎರಡು ಮಳೆಗಾಲಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬಿಡುತ್ತದೆ. ಎರೆ ತೆಗೆದು ಗರಸು ತುಂಬಿ ಗಟ್ಟಿ ಮಾಡಬೇಕು, ಇಲ್ಲವೇ ಗಟ್ಟಿ ಪದರ ಸಿಗುವವರೆಗೆ ಇಳಿದು ಕಂಬ ನಿಲ್ಲಿಸಿ ಮೇಲೆ ತೊಲೆ ಕೊಡಬೇಕು. ನಕ್ಷೆಯ ಕಾಗದದಲ್ಲಿ ಮಣ್ಣು ಕಾಣುವುದಿಲ್ಲ. ರುಜು ಹಾಕಿದ ಎಂಜಿನಿಯರ್ ಗುಂಡಿ ತೋಡಿಸಿ ನೋಡಿದ್ದಾನೆಯೇ ಎಂದು ಮನೆಯವರೇ ಕೇಳಬೇಕು.

ಕಾಗದಕ್ಕೂ ಕಟ್ಟಡಕ್ಕೂ ನಂಟು ಕಡಿದರೆ ಏನಾಗುತ್ತದೆಂದು ಧಾರವಾಡ ನೋಡಿದೆ. 2019ರ ಮಾರ್ಚ್ 19ರ ಮಧ್ಯಾಹ್ನ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ವಾಣಿಜ್ಯ ಕಟ್ಟಡ ಕುಸಿದು 19 ಮಂದಿ ಸತ್ತರು. ಮೇಲೆ ಕೆಲಸ ನಡೆಯುತ್ತಿದ್ದಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದವು. ಮುಗಿಯದ ಕಟ್ಟಡದೊಳಗೆ ವ್ಯಾಪಾರ ಶುರುವಾಗಬಾರದು ಎಂಬ ಸಾದಾ ನಿಯಮ ಅಲ್ಲಿ ಪಾಲನೆಯಾಗಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೊದಲು ಕಟ್ಟು, ಆಮೇಲೆ ಸಕ್ರಮ ಮಾಡಿಸಿಕೋ ಎಂಬ ಆಸೆಯೂ ಜನರನ್ನು ಹಾಳು ಮಾಡಿದೆ. ವಸತಿ ಕಟ್ಟಡಕ್ಕೆ ಶೇ 50, ವಾಣಿಜ್ಯಕ್ಕೆ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮ ಯೋಜನೆಯನ್ನು ಹೈಕೋರ್ಟ್ 2016ರಲ್ಲಿ ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಅದನ್ನು ನಂಬಿ ಕಟ್ಟಿದವರು ವರ್ಷಗಟ್ಟಲೆ ಕಾದರು. 2025ರಲ್ಲಿ ರಾಜ್ಯದ ಊರೂರುಗಳಲ್ಲಿ ಕೊಡತೊಡಗಿದ ಬಿ ಖಾತಾ ತೆರಿಗೆ ವಸೂಲಿಗಾಗಿ ಬಂದದ್ದು. ಅದು ಕೈಗೆ ಬಂದ ಮಾತ್ರಕ್ಕೆ ಬಡಾವಣೆ ಅಧಿಕೃತವಾಗುವುದಿಲ್ಲ, ಮನೆಯೂ ಆಗುವುದಿಲ್ಲ.

ನನ್ನ ದೂರು ಮನೆ ಕಟ್ಟುವವರ ಮೇಲಷ್ಟೇ ಅಲ್ಲ. ನಮ್ಮ ವ್ಯವಸ್ಥೆ ಪರವಾನಗಿ ಕೊಡುವ ಹೊತ್ತಿನಲ್ಲಿ ಹತ್ತು ಕಾಗದ ಕೇಳುತ್ತದೆ, ಆಮೇಲೆ ಕಣ್ಣು ಮುಚ್ಚುತ್ತದೆ. ಗೃಹಪ್ರವೇಶ ಮುಗಿದ ಮೇಲೆ ಪೌರ ನಿಗಮಗಳ ಕಾಯ್ದೆಯ 321ನೇ ಕಲಮಿನಂತೆ ಕೆಡವುವ ನೋಟಿಸು ಹಿಡಿದು ಬರುವುದರಿಂದ ಯಾರಿಗೆ ಲಾಭ? ಅಷ್ಟು ಹೊತ್ತಿಗೆ ಮನೆಯವರು ಸಾಲ ಮಾಡಿ ಮುಗಿಸಿರುತ್ತಾರೆ, ಕೆಡವುವ ಮನಸ್ಸು ಅಧಿಕಾರಿಗೂ ಇರುವುದಿಲ್ಲ, ನೋಟಿಸು ಬೇರೆ ವ್ಯವಹಾರಕ್ಕೆ ಬಾಗಿಲು ತೆರೆಯುತ್ತದೆ. ನೋಡಬೇಕಾದ ದಿನ ಗೌಂಡಿ ಸುಣ್ಣದ ಗೆರೆ ಹಾಕಿ ದಾರ ಕಟ್ಟಿದ ದಿನ. ಆಗ ತಪ್ಪು ತಿದ್ದಲು ದಾರವನ್ನು ಮೂರು ಅಡಿ ಸರಿಸಿದರೆ ಸಾಕು. ಎರಡನೆಯ ಸಲ ಬುನಾದಿ ನೆಲಮಟ್ಟಕ್ಕೆ ಬಂದಾಗ, ಮೂರನೆಯ ಸಲ ಕೊನೆಯ ತಾರಸಿಗೆ ಕಂಬಿ ಕಟ್ಟಿದಾಗ. ಈ ಮೂರು ಭೇಟಿಗೆ ವಾರ್ಡಿನ ಎಂಜಿನಿಯರ್ ಬಂದು, ಫೋಟೊ ತೆಗೆದು, ಅದೇ ಆನ್‌ಲೈನ್ ಕಡತಕ್ಕೆ ಏರಿಸಿದರೆ ಸುಪ್ರೀಂ ಕೋರ್ಟ್ ಹೇಳಿದ್ದು ಬಳ್ಳಾರಿಯಲ್ಲಿ ಜಾರಿಯಾದಂತೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಪರಿಶೀಲಿಸುವ ಅಧಿಕಾರ ಆಯುಕ್ತರಿಗೆ 1976ರಿಂದಲೇ ಇದೆ. ಬೇಕಾದ್ದು ಸಾಕಷ್ಟು ಎಂಜಿನಿಯರುಗಳು ಮತ್ತು ಅವರನ್ನು ಕಳಿಸುವ ಮನಸ್ಸು.

ಕಟ್ಟುವವರ ಪಾಲಿಗೆ ಉಳಿದ ಕೆಲಸ ಎರಡು. ಮಂಜೂರಾದ ನಕ್ಷೆಯ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಬೀದಿಗೆ ಕಾಣುವಂತೆ ತೂಗುಹಾಕುವುದು, ಇನ್ನೊಂದು ಪ್ರತಿಯನ್ನು ಗೌಂಡಿಗೆ ಕೊಟ್ಟು ಇದರಂತೆಯೇ ಎಂದು ಹೇಳುವುದು. ನಡುವೆ ಬದಲಾವಣೆ ಬೇಕೆನಿಸಿದರೆ ಗೋಡೆ ಏಳುವ ಮುನ್ನವೇ ತಿದ್ದಿದ ನಕ್ಷೆಗೆ ಅರ್ಜಿ ಹಾಕಬಹುದು, ಕಾನೂನು ಅದಕ್ಕೆ ದಾರಿ ಇಟ್ಟಿದೆ. ಮನೆ ಮುಗಿದ ಒಂದು ತಿಂಗಳೊಳಗೆ ಅದೇ ಕಾಯ್ದೆಯ 310ನೇ ಕಲಮಿನಂತೆ ಕಟ್ಟಡ ಪೂರ್ಣಗೊಂಡ ಸೂಚನೆಯನ್ನು ಪಾಲಿಕೆಗೆ ಕೊಟ್ಟು, ಸ್ವೀಕೃತಿಯ ಮೇಲೆ ತಾರೀಕು ಮತ್ತು ಮೊಹರು ಹಾಕಿಸಿಕೊಳ್ಳಿ. ಕಾಯಂ ಮೀಟರಿಗೆ ಜೆಸ್ಕಾಂಗೆ ಹೋಗುವಾಗ ಒಯ್ಯಬೇಕಾದ ಸ್ವಾಧೀನಾನುಭವ ಪತ್ರ ಹುಟ್ಟುವುದು ಆ ಸೂಚನೆಯಿಂದಲೇ.